ಸರ್ವರ್ ಎಲ್ಲಿದೆ? ಡೇಟಾ ಸೆಂಟರ್ ಕಟ್ಟುವ ಮೊದಲು ಕೇಳಬೇಕಾದ ಪ್ರಶ್ನೆಗಳು

 

ಕಳೆದ ವರ್ಷ ನನ್ನ ಅಕ್ಕ ಒಂದು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬೇಕಿತ್ತು. ಆಧಾರ್ ಕಾರ್ಡಿನಲ್ಲಿ ಒಂದು ಥರ, ಪಾಸ್‌ಬುಕ್ಕಿನಲ್ಲಿ ಇನ್ನೊಂದು ಥರ ಇದ್ದ ಹೆಸರನ್ನು ಸರಿಮಾಡಿಸುವುದರಲ್ಲೇ ದಿನಗಳು ಕಳೆದವು. ಕೊನೆಯ ದಿನ ಅಬ್ಬಾ ಶೇಂಗಾ ಹೊಲದ ಕೆಲಸ ಬಿಟ್ಟು, ಅಕ್ಕನನ್ನು ಕರೆದುಕೊಂಡು ಹರಿಯಬ್ಬೆಯಿಂದ ಪೇಟೆಗೆ ಹೋದರು. ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೂ ಕಾದರು. ಕಂಪ್ಯೂಟರ್ ಮುಂದೆ ಕುಳಿತವರು ಹೇಳಿದ್ದು ಒಂದೇ ಮಾತು: "ಸರ್ವರ್ ಡೌನ್ ಇದೆ." ಕೊನೆಗೆ ಅಬ್ಬಾ ಕೇಳಿದರಂತೆ: "ಆ ಸರ್ವರ್ ಎಲ್ಲಿದೆ ಹೇಳಿ, ನಾನೇ ಹೋಗಿ ಕೇಳ್ತೀನಿ." ಅಲ್ಲಿದ್ದವರೆಲ್ಲ ನಕ್ಕರು. ಅಕ್ಕ ನಗಲಿಲ್ಲ. ಆ ವರ್ಷದ ಫೀಸಿಗೆ ಅಮ್ಮಿಯ ಬಳೆ ಗಿರವಿ ಇಡಬೇಕಾಯಿತು.

ಈ ವರ್ಷ ನಮ್ಮ ಕಂಪ್ಯೂಟರ್ ಸೈನ್ಸ್ ಉಪನ್ಯಾಸಕರು ನಾಲ್ಕು ಜನರ ತಂಡಕ್ಕೊಂದು ಪ್ರಾಜೆಕ್ಟ್ ಕೊಟ್ಟರು. ನಮ್ಮ ತಂಡಕ್ಕೆ ಬಂದ ವಿಷಯ: "ನಮ್ಮ ಕಾಲೇಜಿಗೆ ಸ್ವಂತದ ಕ್ಲೌಡ್ ಬೇಕೆಂದರೆ ಏನೇನು ಯೋಜನೆ ಮಾಡಬೇಕು?" ಚೀಟಿ ಬಿಚ್ಚಿದಾಗ ನನಗೆ ನೆನಪಾದದ್ದು ಅಬ್ಬಾ ಕೇಳಿದ ಪ್ರಶ್ನೆ. ಎರಡು ತಿಂಗಳು ಓದಿ, ಲೆಕ್ಕ ಹಾಕಿ ನಾವು ಕಲಿತದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಕ್ಲೌಡ್ ಅಂದರೆ ಮೋಡವಲ್ಲ

ನಮ್ಮ ಫೋಟೊ, ಅಂಕಪಟ್ಟಿ, ಪಹಣಿ ಯಾವುದೂ ಆಕಾಶದಲ್ಲಿ ಇಲ್ಲ. ಅವೆಲ್ಲ ಒಂದು ಕಟ್ಟಡದ ತಣ್ಣನೆಯ ಕೋಣೆಯಲ್ಲಿ, ಕಬ್ಬಿಣದ ಕಪಾಟಿನಂಥ ರ್‍ಯಾಕ್‌ಗಳಲ್ಲಿ ಜೋಡಿಸಿಟ್ಟ ಕಂಪ್ಯೂಟರ್‌ಗಳಲ್ಲಿವೆ. ಆ ಕಂಪ್ಯೂಟರ್‌ಗಳೇ ಸರ್ವರ್‌ಗಳು. ಅವು ಹಗಲು ರಾತ್ರಿ ನಡೆಯುವಂತೆ ನೋಡಿಕೊಳ್ಳುವ ಕಟ್ಟಡವೇ ಡೇಟಾ ಸೆಂಟರ್.

ಹಾಗಾದರೆ ಕ್ಲೌಡ್ ಅಂದರೇನು? ನಮ್ಮ ಕಡೆ ಎಷ್ಟೋ ಊರುಗಳ ಮಸೀದಿ ಕಮಿಟಿಯಲ್ಲಿ ಅಡುಗೆಯ ದೊಡ್ಡ ಪಾತ್ರೆಗಳು, ಜಮಖಾನೆಗಳು ಇರುತ್ತವೆ. ಒಂದು ಮದುವೆಗಾಗಿ ಪ್ರತಿ ಮನೆಯವರೂ ಅವನ್ನು ಕೊಳ್ಳುವುದಿಲ್ಲ. ಮೊದಲೇ ಹೇಳಿ, ಪುಸ್ತಕದಲ್ಲಿ ಬರೆಸಿ, ಬೇಕಾದಷ್ಟು ಒಯ್ದು, ಕೆಲಸ ಮುಗಿದ ಮೇಲೆ ತೊಳೆದು ವಾಪಸ್ ಕೊಡುತ್ತಾರೆ. ಮಾರನೆಯ ದಿನ ಅದೇ ಪಾತ್ರೆ ಇನ್ನೊಂದು ಮನೆಗೆ ಹೋಗುತ್ತದೆ. ಕ್ಲೌಡ್ ಕೂಡ ಹೀಗೆಯೇ. ಹಲವು ಸರ್ವರ್‌ಗಳ ಶಕ್ತಿಯನ್ನು ಸಾಫ್ಟ್‌ವೇರ್ ಮೂಲಕ ಒಂದೇ ರಾಶಿ ಮಾಡಿ, ಕೇಳಿದವರಿಗೆ ಕೇಳಿದಷ್ಟು ಕೊಟ್ಟು, ಮುಗಿದ ಮೇಲೆ ವಾಪಸ್ ಪಡೆದು, ಯಾರು ಎಷ್ಟು ಬಳಸಿದರು ಎಂದು ಬರೆದಿಡುವುದು. ಆ ರಾಶಿ ಒಂದೇ ಸಂಸ್ಥೆಯವರ ಬಳಕೆಗೆ ಮೀಸಲಾಗಿದ್ದರೆ ಅದು ಖಾಸಗಿ ಕ್ಲೌಡ್; ಅಂದರೆ ಜಮಾತಿನ ಪಾತ್ರೆ. ಬಾಡಿಗೆ ಕೊಟ್ಟ ಯಾರಿಗಾದರೂ ಸಿಗುವುದಾದರೆ ಸಾರ್ವಜನಿಕ ಕ್ಲೌಡ್. ಅಂದರೆ ಪೇಟೆಯ ಶಾಮಿಯಾನ ಅಂಗಡಿ. ಖಾಸಗಿ ಕ್ಲೌಡ್ ನಡೆಸಲು ಓಪನ್‌ಸ್ಟ್ಯಾಕ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಅದನ್ನು 2010ರಲ್ಲಿ ಅಮೆರಿಕದ ನಾಸಾ ಮತ್ತು ರ್‍ಯಾಕ್‌ಸ್ಪೇಸ್ ಕಂಪನಿ ಸೇರಿ ಆರಂಭಿಸಿದವು.

ಪಹಣಿ ಹಿಡಿದ ದಾರಿ

ನಮ್ಮ ರಾಜ್ಯದಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ 'ಭೂಮಿ' ಯೋಜನೆ. ಮೊದಲು ಪಹಣಿ ಗ್ರಾಮ ಲೆಕ್ಕಿಗರ ಕೈಬರಹದಲ್ಲಿ ಇರುತ್ತಿತ್ತು. 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ಹಾಕಲಾಯಿತು. ಆಗ ಇದ್ದ 177 ತಾಲ್ಲೂಕುಗಳಲ್ಲಿ ಕೇಂದ್ರಗಳು ತೆರೆದು, 15 ರೂಪಾಯಿಗೆ ಪಹಣಿ ಸಿಗುವಂತಾಯಿತು. ಆರಂಭದಲ್ಲಿ ದಾಖಲೆಗಳು ಆಯಾ ತಾಲ್ಲೂಕು ಕಚೇರಿಯ ಸರ್ವರಿನಲ್ಲೇ ಇದ್ದವು. ಆಮೇಲೆ ಬೆಂಗಳೂರಿನ ರಾಜ್ಯ ಡೇಟಾ ಸೆಂಟರಿಗೆ ಸೇರಿ ಒಂದೇ ಕಡೆ ಬಂದವು. ಕೆಸ್ವಾನ್ ಎಂಬ ಸರ್ಕಾರದ ಸ್ವಂತ ಜಾಲ ಜಿಲ್ಲಾ, ತಾಲ್ಲೂಕು ಕೇಂದ್ರಗಳನ್ನು ಬೆಂಗಳೂರಿಗೆ ಜೋಡಿಸುತ್ತದೆ.

ಇದರಿಂದ ಲಾಭ ದೊಡ್ಡದು. ಹಿರಿಯೂರಿನ ಪಹಣಿಯನ್ನು ಮಂಗಳೂರಿನಲ್ಲಿ ಕುಳಿತೂ ನೋಡಬಹುದು. ಜೊತೆಗೆ ಒಂದು ಅಪಾಯವೂ ಬಂತು. ಹಿಂದೆ ಒಂದು ತಾಲ್ಲೂಕಿನ ಸರ್ವರ್ ಕೆಟ್ಟರೆ ಒಂದು ತಾಲ್ಲೂಕು ನಿಲ್ಲುತ್ತಿತ್ತು. ಎಲ್ಲವನ್ನೂ ಒಂದೆಡೆ ಸೇರಿಸಿದ ಮೇಲೆ, ಅದು ನಿಂತರೆ ಇಡೀ ರಾಜ್ಯವೇ ಕಾಯಬೇಕು. ಒಂದೆಡೆ ಸೇರಿಸಿದಷ್ಟೂ ಯೋಜನೆ ಗಟ್ಟಿಯಾಗಿರಬೇಕು ಎನ್ನುವುದು ಇದಕ್ಕೇ. ಆ ಯೋಜನೆಯಲ್ಲಿ ಏನೇನು ಇರಬೇಕು ಎಂಬುದನ್ನು ಒಂದೊಂದಾಗಿ ನೋಡೋಣ.

1. ಎಷ್ಟು ಜನ, ಯಾವ ದಿನ?

ಮೊದಲ ಪ್ರಶ್ನೆ ಯಂತ್ರದ್ದಲ್ಲ, ಜನರದ್ದು. ಲೆಕ್ಕಕ್ಕಾಗಿ ಹೀಗೆ ಹಿಡಿಯೋಣ: ಒಂದು ಲಕ್ಷ ವಿದ್ಯಾರ್ಥಿಗಳು, ಅರ್ಜಿ ಹಾಕಲು 30 ದಿನ, ದಿನಕ್ಕೆ 10 ಗಂಟೆ. ಎಲ್ಲರೂ ಸಮನಾಗಿ ಬಂದರೆ ಗಂಟೆಗೆ ಸುಮಾರು 333 ಅರ್ಜಿ. ಆದರೆ ಯಾರೂ ಹಾಗೆ ಬರುವುದಿಲ್ಲ. ನೂರಕ್ಕೆ 40 ಜನ ಕೊನೆಯ ದಿನಕ್ಕೆ ಉಳಿದರೆ ಆ ದಿನ ಗಂಟೆಗೆ 4,000 ಅರ್ಜಿ, ಅಂದರೆ 12 ಪಟ್ಟು. ಸರಾಸರಿ ನೋಡಿ ಕೊಂಡ ಸರ್ವರ್ 29 ದಿನ ಚೆನ್ನಾಗಿ ನಡೆದು, ಬೇಕಾದ ಒಂದು ದಿನ ಮಲಗುತ್ತದೆ.

ಹಾಗೆಂದು 12 ಪಟ್ಟು ಯಂತ್ರ ಕೊಂಡಿಡಬೇಕೇ? ನಮ್ಮ ವಾಣಿವಿಲಾಸ ಸಾಗರವನ್ನು ನೋಡಿ. 1907ರಲ್ಲಿ ಮುಗಿದ ಆ ಅಣೆಕಟ್ಟೆ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 89 ವರ್ಷ ಕಳೆದು 2022ರಲ್ಲಿ. ಕಲ್ಲಿನ ಕಟ್ಟೆ ತುಂಬುವ ದಿನಕ್ಕಾಗಿ ಅಷ್ಟು ಕಾಲ ಕಾಯಬಲ್ಲದು. ಸರ್ವರಿಗೆ ಆ ಆಯಸ್ಸಿಲ್ಲ. ಐದಾರು ವರ್ಷದಲ್ಲಿ ಹಳತಾಗುತ್ತದೆ. ಆದ್ದರಿಂದ ದಿನನಿತ್ಯದ ಭಾರಕ್ಕೆ ಸ್ವಲ್ಪ ಹೆಚ್ಚಿನಷ್ಟು ಸ್ವಂತಕ್ಕೆ ಇಟ್ಟುಕೊಂಡು, ನೂಕುನುಗ್ಗಲಿನ ದಿನಗಳಿಗೆ ಬಾಡಿಗೆ ಪಡೆಯುವ ಏರ್ಪಾಡನ್ನು ಮೊದಲೇ ಮಾಡಿಕೊಳ್ಳುತ್ತಾರೆ. ಅರ್ಧ ತುಂಬಿದ ಅರ್ಜಿ ಅಳಿಸಿಹೋಗದಂತೆ ಉಳಿಸುವುದು, ಸರದಿಗೆ ಟೋಕನ್ ಕೊಡುವುದು, ಸರ್ವರ್ ನಿಂತಷ್ಟು ಹೊತ್ತು ಕೊನೆಯ ದಿನಾಂಕ ತಾನಾಗಿ ಮುಂದಕ್ಕೆ ಹೋಗುವಂತೆ ನಿಯಮ ಮಾಡುವುದು ಇವೂ ಯೋಜನೆಯ ಭಾಗವೇ. ಇವುಗಳಿಗೆ ದುಡ್ಡು ಹೆಚ್ಚು ಬೇಡ. ಕೌಂಟರಿನ ಈಚೆ ನಿಂತವರ ನೆನಪು ಬೇಕು.

2. ಎಷ್ಟು ಹೊತ್ತು ನಿಂತರೆ ಸಹಿಸಬಹುದು?

ಎಂದೂ ನಿಲ್ಲದ ಯಂತ್ರ ಇಲ್ಲ. ಅಪ್‌ಟೈಮ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ ಡೇಟಾ ಸೆಂಟರ್‌ಗಳನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿದೆ. ಈ ದರ್ಜೆಗಳ ಜೊತೆ ಸಾಮಾನ್ಯವಾಗಿ ಹೇಳುವ ಅಂಕಿಗಳು ಹೀಗಿವೆ: ಒಂದನೇ ದರ್ಜೆಯಲ್ಲಿ ಶೇ 99.671, ಮೂರನೆಯದರಲ್ಲಿ ಶೇ 99.982, ನಾಲ್ಕನೆಯದರಲ್ಲಿ ಶೇ 99.995ರಷ್ಟು ಹೊತ್ತು ಸೇವೆ ಸಿಗಬೇಕು. ಎಲ್ಲವೂ ಪರೀಕ್ಷೆಯಲ್ಲಿ ಬಂದರೆ ಹಬ್ಬ ಮಾಡುವ ಅಂಕಗಳೇ! ಆದರೆ ವರ್ಷದ 8,760 ಗಂಟೆಗಳಿಗೆ ಲೆಕ್ಕ ಹಾಕಿದರೆ, ಮೊದಲನೆಯದು ಸುಮಾರು 28.8 ಗಂಟೆ ನಿಲ್ಲಬಹುದು. ಮೂರನೆಯದು ಸುಮಾರು 1.6 ಗಂಟೆ, ನಾಲ್ಕನೆಯದು 26 ನಿಮಿಷ. ಆ 28 ಗಂಟೆಗಳಲ್ಲಿ ಎಂಟು ಗಂಟೆ ಕೊನೆಯ ದಿನವೇ ಬಂದರೆ ಏನಾಗುತ್ತದೆ ಎಂದು ನಮ್ಮ ಮನೆಯವರಿಗೆ ಗೊತ್ತು.

ದರ್ಜೆ ಏರಿದಂತೆ ಖರ್ಚೂ ಏರುತ್ತದೆ. ಮೂರು ಜನರೇಟರ್ ಸಾಕಾಗುವ ಕಡೆ ನಾಲ್ಕು ಇಡಬೇಕು. ಒಂದನ್ನು ರಿಪೇರಿಗೆ ಬಿಚ್ಚಿದಾಗಲೂ ಕೆಲಸ ನಡೆಯಬೇಕು. ಆದ್ದರಿಂದ ಎಲ್ಲ ಸೇವೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ. ಆಸ್ಪತ್ರೆಯ ದಾಖಲೆಗೆ ಒಂದು ಗಂಟೆಯೂ ಹೆಚ್ಚು. ಕಾಲೇಜಿನ ವಾರ್ಷಿಕೋತ್ಸವದ ಫೋಟೊ ಒಂದು ವಾರ ಸಿಗದಿದ್ದರೂ ಯಾರ ಊಟವೂ ತಪ್ಪುವುದಿಲ್ಲ.

3. ಕರೆಂಟು

ನಾವು ಲ್ಯಾಬಿನಲ್ಲಿ ಇಡಲು ಯೋಚಿಸಿದ್ದ ಸಣ್ಣ ಸರ್ವರ್ ಮತ್ತು ಅದರ ಜೊತೆಯ ಸಲಕರಣೆಗಳಿಗೆ 400 ವ್ಯಾಟ್ ಎಂದು ಹಿಡಿದೆವು. 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 1,800 ವ್ಯಾಟ್-ಅವರ್ ಇರುತ್ತದೆ. ಸೀಸದ ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಬಾರದು. ಅರ್ಧ ಬಳಸಿದರೆ 900. ಅಂದರೆ ಹೆಚ್ಚೆಂದರೆ ಎರಡು ಗಂಟೆ. ಗಾಳಿ ಮಳೆಗೆ ಕಂಬ ಬಿದ್ದ ದಿನ ಎರಡು ಗಂಟೆ ಯಾವ ಲೆಕ್ಕ? ಆದ್ದರಿಂದ ಡೇಟಾ ಸೆಂಟರ್‌ಗಳಲ್ಲಿ ಸಾಧ್ಯವಾದರೆ ಎರಡು ಬೇರೆ ದಾರಿಯ ವಿದ್ಯುತ್ ಲೈನು, ನಡುವಿನ ಕ್ಷಣಗಳಿಗೆ ಯುಪಿಎಸ್, ಆಮೇಲೆ ಜನರೇಟರ್, ಅದಕ್ಕೆ ಡೀಸೆಲ್ ದಾಸ್ತಾನು ಇರುತ್ತವೆ.

ದೊಡ್ಡ ಲೆಕ್ಕ ಇನ್ನೂ ಬೇರೆ. 10 ಕಿಲೋವ್ಯಾಟ್ ಎಳೆಯುವ ಒಂದೇ ರ್‍ಯಾಕ್ ದಿನಕ್ಕೆ 240 ಯೂನಿಟ್ ಉರಿಸುತ್ತದೆ. ಗೃಹಜ್ಯೋತಿಯಲ್ಲಿ ಒಂದು ಮನೆಗೆ ತಿಂಗಳಿಗೆ ಇರುವ ಮಿತಿ 200 ಯೂನಿಟ್! ತಂಪು ಮಾಡಲು, ದೀಪಕ್ಕೆ, ಯುಪಿಎಸ್‌ನಲ್ಲಿ ಆಗುವ ನಷ್ಟಕ್ಕೆ ಬೇಕಾದದ್ದು ಬೇರೆ. ಒಟ್ಟು ವಿದ್ಯುತ್ತನ್ನು ಕಂಪ್ಯೂಟರ್‌ಗಳು ಬಳಸಿದ ವಿದ್ಯುತ್ತಿನಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಪಿಯುಇ ಎನ್ನುತ್ತಾರೆ. ಅದು 1.5 ಆದರೆ, ಅದೇ ರ್‍ಯಾಕಿನ ಲೆಕ್ಕದಲ್ಲಿ ದಿನಕ್ಕೆ 360 ಯೂನಿಟ್. 1ಕ್ಕೆ ಹತ್ತಿರವಾದಷ್ಟೂ ಒಳ್ಳೆಯದು.

ನಮ್ಮ ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳಿವೆ. ಹತ್ತಿರದ ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೌರ ಪಾರ್ಕ್ ಇದೆ. "ಹಾಗಾದರೆ ಕರೆಂಟಿಗೆ ಏನು ಬರ?" ಎಂದು ನಮ್ಮ ತಂಡದಲ್ಲೇ ಒಬ್ಬರು ಕೇಳಿದರು. ಸೂರ್ಯ ಸಂಜೆ ಮುಳುಗುತ್ತಾನೆ, ಗಾಳಿ ಎಲ್ಲ ತಿಂಗಳೂ ಒಂದೇ ಸಮ ಬೀಸುವುದಿಲ್ಲ, ಆದರೆ ಸರ್ವರ್ ರಾತ್ರಿ ಎರಡು ಗಂಟೆಗೂ ನಡೆಯಬೇಕು. ಹತ್ತಿರದಲ್ಲಿ ವಿದ್ಯುತ್ ಹುಟ್ಟುವುದು ಬೇರೆ, 24 ಗಂಟೆಯೂ ಸಿಗುವುದು ಬೇರೆ.

4. ತಂಪು ಮತ್ತು ನೀರು

ಸರ್ವರಿಗೆ ಕೊಟ್ಟ ವಿದ್ಯುತ್ತೆಲ್ಲ ಹೆಚ್ಚು ಕಡಿಮೆ ಪೂರ್ತಿ ಶಾಖವಾಗಿ ಹೊರಬರುತ್ತದೆ. ಇದು ನಮ್ಮ ಭೌತಶಾಸ್ತ್ರದ ಪಾಠವೇ. ಕೋಣೆಯನ್ನು ಸಾಮಾನ್ಯವಾಗಿ 18ರಿಂದ 27 ಡಿಗ್ರಿ ಸೆಲ್ಸಿಯಸ್ ನಡುವೆ ಇಡಬೇಕೆಂದು ಶಿಫಾರಸು ಇದೆ. ಏಪ್ರಿಲ್ ತಿಂಗಳ ಹಿರಿಯೂರಿನ ಬಿಸಿಲನ್ನು ನೆನೆಸಿಕೊಳ್ಳಿ!

ನೀರನ್ನು ಆವಿ ಮಾಡಿ ತಂಪು ಮಾಡುವುದು ಒಂದು ವಿಧಾನ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 0.67 ಯೂನಿಟ್‌ನಷ್ಟು ಶಾಖ ಹೀರುತ್ತದೆ. ಒಂದು ಮೆಗಾವ್ಯಾಟಿನ ಡೇಟಾ ಸೆಂಟರ್ ದಿನಕ್ಕೆ 24,000 ಯೂನಿಟ್ ಶಾಖ ಹೊರಬಿಡುತ್ತದೆ. ಅಷ್ಟನ್ನೂ ಹೀಗೇ ಕಳೆಯುವುದಾದರೆ ಸುಮಾರು 36,000 ಲೀಟರ್ ನೀರು ಬೇಕು. 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ದಿನಕ್ಕೆ ಆರು. ಬೋರ್‌ವೆಲ್ ಬತ್ತಿ ತೋಟ ಒಣಗಿಸಿಕೊಂಡವರ ನಡುವೆ ಬೆಳೆದ ನಮಗೆ ಈ ಉತ್ತರ ಬಂದಾಗ ಮತ್ತೊಮ್ಮೆ ಲೆಕ್ಕ ತಾಳೆ ನೋಡಬೇಕೆನಿಸಿತು. ನೋಡಿದೆವು, ಸರಿಯಾಗಿಯೇ ಇತ್ತು. ನೀರು ಬೇಡವೆಂದರೆ ಗಾಳಿಯಿಂದ ತಂಪು ಮಾಡುವ ಯಂತ್ರಗಳಿವೆ, ಆದರೆ ಅವಕ್ಕೆ ಸಾಮಾನ್ಯವಾಗಿ ಕರೆಂಟು ಹೆಚ್ಚು ಬೇಕು. ಒಂದನ್ನು ಉಳಿಸಲು ಹೋದರೆ ಇನ್ನೊಂದು ಖರ್ಚು.

ರಾಜ್ಯ ಸರ್ಕಾರ 'ಕರ್ನಾಟಕ ಡೇಟಾ ಸೆಂಟರ್ ನೀತಿ 2022–27' ಪ್ರಕಟಿಸಿ ಹೂಡಿಕೆದಾರರನ್ನು ಕರೆಯುತ್ತಿದೆ. ಮುಂದೊಂದು ದಿನ ನಮ್ಮ ಬಯಲುಸೀಮೆಗೂ ಇಂಥ ಕೇಂದ್ರ ಬರಬಹುದು; ಬಂದರೆ ಒಳ್ಳೆಯದೇ. ಆದರೆ "ಎಷ್ಟು ಜನಕ್ಕೆ ಕೆಲಸ?" ಎಂದು ಕೇಳುವಾಗ "ನೀರು ಎಲ್ಲಿಂದ?" ಎಂದೂ ಕೇಳಲು ನಮಗೆ ಗೊತ್ತಿರಬೇಕು.

5. ದಾರಿ

ಆಪ್ಟಿಕಲ್ ಫೈಬರ್ ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. 200 ಕಿಲೋಮೀಟರ್ ದೂರಕ್ಕೆ ಸೆಕೆಂಡಿನ ಸಾವಿರದ ಒಂದು ಭಾಗ ಸಾಕು. ಆದ್ದರಿಂದ "ಬೆಂಗಳೂರು ದೂರ, ಅದಕ್ಕೆ ನಿಧಾನ" ಎನ್ನುವುದು ತಪ್ಪು. ನಿಧಾನಕ್ಕೆ ಕಾರಣ ದಾರಿ ಇಕ್ಕಟ್ಟಾಗಿರುವುದು, ಆ ತುದಿಯ ಯಂತ್ರ ಸೋತಿರುವುದು ಅಥವಾ ರಸ್ತೆ ಅಗೆಯುವ ಜೆಸಿಬಿ ಕೇಬಲ್ ಕತ್ತರಿಸಿರುವುದು. ಯೋಜನೆಯಲ್ಲಿ ಎರಡು ಕೇಬಲ್ ಇದ್ದರೆ ಸಾಲದು; ಎರಡೂ ಬೇರೆ ಬೇರೆ ರಸ್ತೆಯಲ್ಲಿ ಬರಬೇಕು. ಒಂದೇ ಗುಂಡಿಯಲ್ಲಿ ಹೂತ ಎರಡು ಕೇಬಲ್‌ಗಳನ್ನು ಜೆಸಿಬಿ ಒಂದೇ ಏಟಿಗೆ ಎಳೆಯುತ್ತದೆ.

6. ಎರಡನೇ ಪ್ರತಿ

ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ದಕ್ಷಿಣ ಕೊರಿಯಾದ ಘಟನೆ. ತಂತ್ರಜ್ಞಾನದಲ್ಲಿ ಅಷ್ಟು ಮುಂದುವರಿದ ದೇಶ. 2025ರ ಸೆಪ್ಟೆಂಬರ್ 26ರಂದು ಡೇಜಾನ್ ನಗರದಲ್ಲಿರುವ ಸರ್ಕಾರಿ ಡೇಟಾ ಸೆಂಟರಿನಲ್ಲಿ ಯುಪಿಎಸ್‌ನ ಲಿಥಿಯಂ ಬ್ಯಾಟರಿಗಳನ್ನು ಸ್ಥಳಾಂತರಿಸುವ ಕೆಲಸದ ವೇಳೆ ಬೆಂಕಿ ಹತ್ತಿತು. ಸರ್ಕಾರದ ನೂರಾರು ಸೇವೆಗಳು ನಿಂತವು. ಸರ್ಕಾರಿ ನೌಕರರು ಕಡತಗಳನ್ನು ಇಡುತ್ತಿದ್ದ 'ಜಿ-ಡ್ರೈವ್' ಎಂಬ ಕ್ಲೌಡ್ ಸುಟ್ಟುಹೋಯಿತು. ಅದರಲ್ಲಿದ್ದದ್ದು 858 ಟೆರಾಬೈಟ್. ಅದಕ್ಕೆ ಬೇರೆ ಕಡೆ ಪ್ರತಿ ಇರಲಿಲ್ಲ. ಗಾತ್ರ ಬಹಳ ದೊಡ್ಡದು, ಅದಕ್ಕೇ ಪ್ರತಿ ಇಡಲಿಲ್ಲ ಎಂಬ ವಿವರಣೆ ಬಂತು.

ನಿಜವಾಗಿ ಎಷ್ಟು ದೊಡ್ಡದು? ಸೆಕೆಂಡಿಗೆ ಒಂದು ಗಿಗಾಬಿಟ್ ವೇಗದ ಲೈನಿನಲ್ಲಿ 858 ಟೆರಾಬೈಟ್ ಕಳಿಸಲು ಸುಮಾರು 79 ದಿನ ಬೇಕು. ದೊಡ್ಡದು ಹೌದು, ಅಸಾಧ್ಯವಲ್ಲ. ಒಮ್ಮೆ ಪೂರ್ತಿ ಕಳಿಸಿದ ಮೇಲೆ ದಿನವೂ ಬದಲಾದಷ್ಟನ್ನು ಮಾತ್ರ ಕಳಿಸಿದರೆ ಸಾಕು.

ಇದಕ್ಕೆ ಸರಳ ಸೂತ್ರವೊಂದಿದೆ: 3-2-1. ಮೂರು ಪ್ರತಿ, ಎರಡು ಬೇರೆ ರೀತಿಯ ಸಾಧನಗಳಲ್ಲಿ, ಒಂದು ಬೇರೆ ಊರಿನಲ್ಲಿ. ಪಕ್ಕದ ಕಟ್ಟಡ 'ಬೇರೆ ಕಡೆ' ಆಗುವುದಿಲ್ಲ. ನಮ್ಮ ದೇಶದ ರಾಷ್ಟ್ರೀಯ ಮಾಹಿತಿ ಕೇಂದ್ರದ ಡೇಟಾ ಸೆಂಟರ್‌ಗಳು ದೆಹಲಿ, ಪುಣೆ, ಹೈದರಾಬಾದ್, ಭುವನೇಶ್ವರಗಳಲ್ಲಿ ಹಂಚಿಹೋಗಿವೆ. ಇಷ್ಟೇ ಅಲ್ಲ, ಪ್ರತಿಯಿಂದ ದಾಖಲೆ ವಾಪಸ್ ಬರುತ್ತದೆಯೇ ಎಂದು ಆಗಾಗ ತೆರೆದು ನೋಡಬೇಕು. ತೆರೆದು ನೋಡದ ಪ್ರತಿ, ರುಚಿ ನೋಡದೆ ಬಡಿಸಿದ ಸಾರಿನ ಹಾಗೆ.

7. ಅಮಾನತ್

ಕನ್ನಡ ಪತ್ರಿಕೆಗಳಲ್ಲಿ 'ಅಮಾನತು' ಎಂದರೆ ಕೆಲಸದಿಂದ ತಾತ್ಕಾಲಿಕವಾಗಿ ದೂರ ಇಡುವುದು. ನಮ್ಮ ಮನೆಗಳಲ್ಲಿ 'ಅಮಾನತ್' ಎಂದರೆ ಒಬ್ಬರು ನಂಬಿ ನಮ್ಮ ಕೈಯಲ್ಲಿ ಇಟ್ಟ ವಸ್ತು. ಅದನ್ನು ಇದ್ದಂತೆ ಹಿಂತಿರುಗಿಸುವುದು ಈಮಾನಿನ ಮಾತು ಎಂದು ಚಿಕ್ಕಂದಿನಿಂದ ಕೇಳಿದ್ದೇವೆ. ಡೇಟಾ ಸೆಂಟರಿನಲ್ಲಿ ಇರುವುದೆಲ್ಲ ಬೇರೆಯವರ ಅಮಾನತ್.

ಕಾನೂನು ಕೂಡ ಈಗ ಅದನ್ನೇ ಹೇಳುತ್ತಿದೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರ ಮಾಹಿತಿ ಬಳಸಲು ಸಾಮಾನ್ಯವಾಗಿ ಪೋಷಕರ ಒಪ್ಪಿಗೆ ಬೇಕು. ಪಿಯುಸಿಯಲ್ಲಿರುವ ನಾವು ಬಹುತೇಕ ಅದೇ ವಯಸ್ಸಿನವರು. ಮಾಹಿತಿ ಸೋರದಂತೆ ಕಾಯುವುದರಲ್ಲಿ ತಪ್ಪಿದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಸೈಬರ್ ದಾಳಿಯಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಸರ್ಟ್-ಇನ್ ಎಂಬ ಕೇಂದ್ರ ಸಂಸ್ಥೆಗೆ ತಿಳಿಸಬೇಕು, 180 ದಿನಗಳ ದಾಖಲೆ ಇಟ್ಟಿರಬೇಕು ಎಂಬ ನಿರ್ದೇಶನ 2022ರಲ್ಲಿ ಬಂದಿದೆ.

ಕೊನೆಯದು ಜನ. ಯಾರಿಗೆ ಬೀಗ, ಯಾರಿಗೆ ಪಾಸ್‌ವರ್ಡ್, ರಾತ್ರಿ ಎರಡಕ್ಕೆ ಯಾರ ಫೋನ್ ಬಾರಿಸಬೇಕು ಎಂಬುದು ಕಾಗದದ ಮೇಲೆ ಇರಬೇಕು. ಯಂತ್ರಕ್ಕೆ ಬಜೆಟ್ ಇಟ್ಟು, ನೋಡಿಕೊಳ್ಳುವವರ ಸಂಬಳಕ್ಕೆ ಇಡದ ಯೋಜನೆ ಉದ್ಘಾಟನೆಯ ರಿಬ್ಬನ್‌ವರೆಗೆ ಮಾತ್ರ.

ನಮ್ಮ ಕಾಲೇಜಿನ ಲೆಕ್ಕ

ಇಷ್ಟೆಲ್ಲ ಓದಿದ ಮೇಲೆ ನಮ್ಮ ಕಾಲೇಜಿನ ಲೆಕ್ಕ ಹಾಕಿದೆವು. ವರ್ಷಕ್ಕೆ 300 ವಿದ್ಯಾರ್ಥಿಗಳು, ಒಬ್ಬೊಬ್ಬರ ದಾಖಲೆ 10 ಮೆಗಾಬೈಟ್ ಎಂದು ಹಿಡಿದರೆ ವರ್ಷಕ್ಕೆ 3 ಗಿಗಾಬೈಟ್. ಪ್ರಶ್ನೆಪತ್ರಿಕೆ, ಟಿಪ್ಪಣಿ, ಫೋಟೊ ಸೇರಿ 10 ವರ್ಷಕ್ಕೂ ಒಂದು ಸಾಧಾರಣ ಹಾರ್ಡ್‌ಡಿಸ್ಕ್ ಸಾಕು. ಹಾಗಾಗಿ ನಾವು ಬರೆದ ವರದಿಯ ಕೊನೆಯ ಸಾಲು: "ನಮ್ಮ ಕಾಲೇಜಿಗೆ ಈಗ ಖಾಸಗಿ ಕ್ಲೌಡ್ ಬೇಡ." ಬೇಕಾದದ್ದು ಮೂರು ಪ್ರತಿಗಳು, ಅದರಲ್ಲಿ ಒಂದು ಬೇರೆ ಊರಿನಲ್ಲಿ, ತಿಂಗಳಿಗೊಮ್ಮೆ ತೆರೆದು ನೋಡುವ ರೂಢಿ, ಜವಾಬ್ದಾರಿ ಹೊತ್ತ ಒಬ್ಬರ ಹೆಸರು. ಅಂಕ ಕಡಿಮೆ ಬರಬಹುದೆಂಬ ಹೆದರಿಕೆ ಇತ್ತು. ಸರ್ ಓದಿ ಹೇಳಿದರು: "ಇಷ್ಟು ಲೆಕ್ಕ ಹಾಕಿ ಬೇಡ ಅಂದಿದ್ದೀರಲ್ಲ, ಅಂಕ ಅದಕ್ಕೇ."

ಮನೆಗೆ ಹೋಗಿ ಅಬ್ಬಾಗೆ ಎಲ್ಲ ವಿವರಿಸಿದೆ. ಸರ್ವರ್ ಯಾವುದೋ ನಗರದ ತಣ್ಣನೆಯ ಕೋಣೆಯಲ್ಲಿರುತ್ತದೆ, ಅಲ್ಲಿಗೆ ಹೋದರೂ ಒಳಗೆ ಬಿಡುವುದಿಲ್ಲ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಅಲ್ಲಿ ಕೂತು ಯೋಜನೆ ಮಾಡೋರಿಗೆ ಇಲ್ಲಿ ನಾವು ಕಾಯ್ತೀವಿ ಅಂತ ಗೊತ್ತಿರುತ್ತಾ?"

ಗೆಳೆಯರೇ, ನಮ್ಮಲ್ಲಿ ಕೆಲವರು ಮುಂದೆ ಇಂಥ ಕೋಣೆಗಳಲ್ಲಿ ಕೆಲಸ ಮಾಡಬಹುದು. ಆಗ ಈ ಪ್ರಶ್ನೆ ನೆನಪಿರಲಿ. ಅಲ್ಲಿಯವರೆಗೆ, ಅರ್ಜಿಯನ್ನು ಮೊದಲ ವಾರದಲ್ಲೇ ಹಾಕಿ. ಸ್ವೀಕೃತಿ ಸಂಖ್ಯೆ ಬರೆದಿಟ್ಟುಕೊಳ್ಳಿ. ಪುಟ ತೆರೆಯದಿದ್ದರೆ ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಅಂಕಪಟ್ಟಿ, ಆಧಾರ್, ಪಾಸ್‌ಬುಕ್ಕಿನ ಪ್ರತಿಗಳನ್ನು ಮೊಬೈಲ್ ಬಿಟ್ಟು ಇನ್ನೊಂದು ಕಡೆಯೂ ಇಡಿ. ಅಕ್ಕ ಈ ಸಲ ಮೂರನೇ ದಿನವೇ ಅರ್ಜಿ ಹಾಕಿದಳು, ಸ್ವೀಕೃತಿ ಬಂದಿದೆ. ಆ ಹಣ ಬಂದರೆ ಮೊದಲು ಅಮ್ಮಿಯ ಬಳೆ ಬಿಡಿಸಬೇಕು.

– ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ